ಗಾಳವೂ ಗಾಳಿಯೂ

ಹಾಡುಗಳ ನಡುವೆ ಹತ್ತು ನಿಮಿಷ ಹರಟುವುದು ನನ್ನ ಕೆಲಸ. ಕಳೆದ ಭಾನುವಾರದ ಮಾತನ್ನು ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಅದರ ಬರಹರೂಪ ಇಲ್ಲಿದೆ. ವಿಷಯ ಸ್ವಲ್ಪ ವಿಚಿತ್ರವೇ: ಮೀನು ಹಿಡಿಯಲು ಗಾಳಿ ತುಂಬುವ ಕಯಾಕ್ ಕೊಳ್ಳುವುದು ಹೇಗೆ? ಮೈಕಿನ ಮುಂದೆ ಕೂರುವವಳಿಗೆ ದೋಣಿಯ ಉಸಾಬರಿ ಏಕೆ ಎನ್ನುತ್ತೀರಾ? ಹೇಳುತ್ತೇನೆ.

ನಮ್ಮ ಮನೆ ದಿಲ್‌ಸುಖ್‌ನಗರದಲ್ಲಿ. 2020ರ ಅಕ್ಟೋಬರ್ ಮಳೆ ನಿಮಗೆ ನೆನಪಿರಬಹುದು. ಸರೂರ್‌ನಗರ ಕೆರೆ ತುಂಬಿ ಸುತ್ತಲಿನ ಕಾಲೊನಿಗಳಿಗೆ ನೀರು ನುಗ್ಗಿತು. ಸ್ಕೂಟರ್ ಓಡುತ್ತಿದ್ದ ಬೀದಿಯಲ್ಲಿ ದೋಣಿ ಓಡಿತು. ಅಂದಿನಿಂದ ನನ್ನ ತಮ್ಮನಿಗೆ ಒಂದೇ ಗುಂಗು: ಅಕ್ಕಾ, ಮನೆಯಲ್ಲಿ ಒಂದು ದೋಣಿ ಇರಬೇಕು. ಮಳೆಗಾಲದಲ್ಲಿ ಪ್ರಾಣಕ್ಕಾಯಿತು, ರಜೆಯಲ್ಲಿ ಮೀನಿಗಾಯಿತು. ಕೊನೆಗೆ ತರಿಸಿಯೇ ಬಿಟ್ಟ. ನೀಲಿ, ಹಳದಿ ಬಣ್ಣದ ಚಂದದ ಸಾಮಾನು. ಮಾಳಿಗೆಯ ಮೇಲೆ ಗಾಳಿ ತುಂಬಿದೆವು. ಓಣಿಯ ಮಕ್ಕಳೆಲ್ಲ ಹತ್ತಿ ಕುಳಿತರು. ಅದು ಮಕ್ಕಳಿಗೆ ಸರಿಯಾದದ್ದೇ, ಈಜುಕೊಳಕ್ಕೆ ಸರಿಯಾದದ್ದೇ ಎಂಬುದು ನಮಗೆ ತಿಳಿದದ್ದು ಆಮೇಲೆ.

ಒಂದು ಭಾನುವಾರ ನಾಗಾರ್ಜುನ ಸಾಗರ ರಸ್ತೆಯ ಒಂದು ಕೆರೆಗೆ ಹೋದೆವು. ಬೆಳಿಗ್ಗೆ ನೀರು ಕನ್ನಡಿಯಂತಿತ್ತು. ತಮ್ಮ ಗಾಳ ಹಿಡಿದು ತೇಲುತ್ತ ಹೋದ. ದಡದಲ್ಲಿ ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಗಾಳಿ ಎದ್ದಿತು. ನೋಡನೋಡುತ್ತ ಅವನು ಚಿಕ್ಕವನಾಗುತ್ತ ಹೋದ. ಹುಟ್ಟು ಹಾಕುತ್ತಿದ್ದಾನೆ, ದೋಣಿ ಮಾತ್ರ ತರಗೆಲೆಯಂತೆ ತಿರುಗುತ್ತ ಆಚೆಗೇ ಹೋಗುತ್ತಿದೆ. ಲೈಫ್ ಜಾಕೆಟ್ ಇತ್ತು ಅನ್ನಿ. ಆದರೆ ಅದನ್ನು ಮೆತ್ತನೆಯ ಆಸನ ಮಾಡಿಕೊಂಡು ಅದರ ಮೇಲೆಯೇ ಕುಳಿತಿದ್ದ! ನನಗೆ ಈಜು ಬಾರದು. ಕೂಗಿದರೆ ಗಾಳಿಗೆ ಕೇಳಿಸದು. ದಿನವೂ ಸಾವಿರಾರು ಜನರಿಗೆ ಕೇಳಿಸುವ ದನಿ ನನ್ನದು, ಅಂದು ಒಡಹುಟ್ಟಿದವನಿಗೇ ಮುಟ್ಟಲಿಲ್ಲ.

ಕಾಪಾಡಿದವರು ಒಬ್ಬ ಮುದುಕ ಬೆಸ್ತರು. ನಮ್ಮ ಕಡೆ ಹರಿಗೋಲು ಎನ್ನುವುದನ್ನು ಇಲ್ಲಿ ತೆಲುಗಿನಲ್ಲಿ ಪುಟ್ಟಿ ಎನ್ನುತ್ತಾರೆ. ಅದರಲ್ಲಿ ಹೋಗಿ, ಕಯಾಕಿಗೆ ಹಗ್ಗ ಕಟ್ಟಿ ಎಳೆದು ತಂದರು. ಹಣ ಕೊಡಹೋದರೆ ಮುಟ್ಟಲಿಲ್ಲ. ತೆಲುಗಿನಲ್ಲಿ ಎರಡು ಮಾತು ಹೇಳಿದರು. ಒಂದು: "ಅಮ್ಮಾ, ದೋಣಿ ಇಳಿಸುವ ಮೊದಲು ಗಾಳಿ ಎತ್ತಲಿಂದ ಬರುತ್ತಿದೆ ನೋಡಬೇಕು. ಮೊದಲು ಅದರ ಎದುರಿಗೆ ಹೋಗಬೇಕು. ದಣಿದ ಮೇಲೆ ಗಾಳಿಯೇ ತಂದು ಬಿಡುತ್ತದೆ." ಇನ್ನೊಂದು: "ನಮ್ಮ ಬಲೆಗೆ ನಿಮ್ಮ ಗಾಳ ಸಿಗಿಸಬೇಡಿ. ಅಷ್ಟು ಮಾಡಿದರೆ ಸಾಕು."

ನಾನು ರಾಯಚೂರಿನವಳು. ಹರಿಗೋಲು ನನಗೆ ಹೊಸದಲ್ಲ. ಕೃಷ್ಣೆಯ ನಡುಗಡ್ಡೆಯ ಕುರುವಪುರಕ್ಕೆ ದತ್ತನ ದರ್ಶನಕ್ಕೆಂದು ಹೋದವರಿಗೆಲ್ಲ ಅದರ ತಿರುಗಾಟ ಗೊತ್ತು. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ಈ ದೋಣಿಗಳನ್ನು ಬಣ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ, ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ. ಇತ್ತ ಧ್ರುವ ಪ್ರದೇಶದ ಇನುಯಿಟ್ ಜನರು ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲು ಹೊದಿಸಿ ಉದ್ದನೆಯ ಕಯಾಕ್ ಮಾಡಿಕೊಂಡರು. ಎರಡೂ ತೊಗಲಿನ ದೋಣಿಗಳೇ. ಒಂದು ದುಂಡು, ಇನ್ನೊಂದು ಉದ್ದ. ದುಂಡಗಿರುವುದು ಸುಲಭಕ್ಕೆ ಮಗುಚದು, ಆದರೆ ನೆಟ್ಟಗೆ ಹೋಗದು. ಉದ್ದಗಿರುವುದು ನೆಟ್ಟಗೆ ಹೋಗುತ್ತದೆ, ಆದರೆ ಕಿರಿದಾದಷ್ಟೂ ಓಲಾಡುತ್ತದೆ. ದೋಣಿ ಆರಿಸುವ ಗುಟ್ಟೆಲ್ಲ ಈ ಎರಡರ ನಡುವೆ ಇದೆ.

ಗಾಳ ಹಾಕುವವನು ಪಕ್ಕಕ್ಕೆ ಬಾಗುತ್ತಾನೆ, ಮೀನು ಎಳೆದಾಗ ಜೋಲಿ ಹೊಡೆಯುತ್ತಾನೆ. ಆದ್ದರಿಂದ ಮೀನು ಹಿಡಿಯುವ ಕಯಾಕಿಗೆ ಅಗಲ ಮೂರು ಅಡಿಯ ಆಸುಪಾಸು ಇರಲಿ. ಒಬ್ಬರಿಗೆ ಉದ್ದ ಹತ್ತರಿಂದ ಹನ್ನೆರಡು ಅಡಿ ಸಾಕು. ತಳದ ಹಿಂಬದಿಗೆ ಸಿಗಿಸುವ ಒಂದು ರೆಕ್ಕೆ ಬರುತ್ತದೆ. ಅದಿದ್ದರೆ ದೋಣಿ ಅಡ್ಡಾದಿಡ್ಡಿ ತಿರುಗದು. ನಮ್ಮ ಕೆರೆಗಳಲ್ಲಿ ಅಂತರಗಂಗೆ ಹಬ್ಬಿರುವುದರಿಂದ ಗಿಡ್ಡ ರೆಕ್ಕೆಯನ್ನೂ ಕೊಡುತ್ತಾರಾ ಎಂದು ಕೇಳಿ. ಉದ್ದ ರೆಕ್ಕೆ ಬೇರಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಗಾಳಿಚೀಲಗಳ ಸಂಖ್ಯೆ. ಎಡಕ್ಕೊಂದು, ಬಲಕ್ಕೊಂದು, ತಳಕ್ಕೊಂದು, ಹೀಗೆ ಕನಿಷ್ಠ ಮೂರು ಬೇರೆ ಬೇರೆ ಚೀಲಗಳಿರಬೇಕು. ಒಂದು ತೂತಾದರೆ ಉಳಿದ ಎರಡು ದಡ ಮುಟ್ಟಿಸಬೇಕು. ಗಾಳಕ್ಕೂ ಗಾಳಿಗೂ ಒಂದು ಅಕ್ಷರದ ನಂಟಾದರೂ ಹುಟ್ಟಾ ವೈರ! ಗಾಳದ ಮೊನೆ, ಚಾಕು, ಮೀನಿನ ಮುಳ್ಳು ಎಲ್ಲವೂ ದೋಣಿಯ ಶತ್ರುಗಳು. ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮೀನಿನ ಬೆನ್ನಿನ ಮುಳ್ಳು ಸೂಜಿಯಂತೆ ಚುಚ್ಚುತ್ತದೆ. ಹಿಡಿದ ಮೀನನ್ನು ತಳದ ಮೇಲೆ ಹಾಕದೆ ಗಟ್ಟಿ ಡಬ್ಬಿಗೋ ಬಕೆಟ್ಟಿಗೋ ಹಾಕಿ. ಗಾಳಗಳನ್ನು ಮುಚ್ಚಳದ ಪೆಟ್ಟಿಗೆಯಲ್ಲಿಡಿ. ತಳಕ್ಕೆ ಹಳೆಯ ರಬ್ಬರ್ ಮ್ಯಾಟ್ ಹಾಸಿದರೂ ಲಾಭವೇ.

ಇನ್ನು ಬಟ್ಟೆಯ ಮಾತು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯದು ಅಗ್ಗ. ಕೆಲವು ಸಾವಿರಕ್ಕೆ ಬರುತ್ತದೆ, ಕಲ್ಲು ತಾಗಿದರೆ ಹೋಗುತ್ತದೆ. ಒಳಗೆ ನೂಲಿನ ಬಟ್ಟೆ ಇಟ್ಟು ಎರಡೂ ಕಡೆ ಪಿವಿಸಿ ಲೇಪಿಸಿದ್ದು ಬಾಳಿಕೆಯದು. ಬೆಲೆಯೂ ಹಲವು ಪಟ್ಟು. ಕೆಲವದರ ತಳದಲ್ಲಿ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ದಾರಗಳಿಂದ ಜೋಡಿಸಿರುತ್ತಾರೆ. ಡ್ರಾಪ್ ಸ್ಟಿಚ್ ಎಂದು ಅದರ ಹೆಸರು. ದಾರ ಹಿಡಿದಿಡುವುದರಿಂದ ಎಷ್ಟು ಬಿಗಿಯಾಗಿ ತುಂಬಿದರೂ ಉಬ್ಬದೆ ಹಲಗೆಯಂತೆ ಗಟ್ಟಿಯಾಗುತ್ತದೆ. ಮಾಮೂಲಿ ಚೀಲಕ್ಕೆ ಒಂದರಿಂದ ಮೂರು ಪಿಎಸ್‌ಐ ಒತ್ತಡ ಸಾಕು, ಈ ತಳಕ್ಕೆ ಎಂಟು ಹತ್ತರವರೆಗೂ ಬೇಕು. ಒತ್ತಡ ತೋರಿಸುವ ಮಾಪಕವಿರುವ ಪಂಪನ್ನೇ ಕೊಳ್ಳಿ. ಪಂಕ್ಚರ್ ಅಂಗಡಿಯ ಯಂತ್ರದ ಹತ್ತಿರ ಒಯ್ಯಲೇಬೇಡಿ.

ಬಿಸಿಲಿನ ಲೆಕ್ಕ ನಮ್ಮೂರಿಗೆ ಬಹಳ ಮುಖ್ಯ. ಬೆಳಿಗ್ಗೆ 25 ಡಿಗ್ರಿಯಲ್ಲಿ ಮೂರು ಪಿಎಸ್‌ಐ ತುಂಬಿದಿರಿ ಎನ್ನಿ. ಮಧ್ಯಾಹ್ನ ದಡದ ಮೇಲೆ ಬಿಟ್ಟರೆ ಒಳಗಿನ ಗಾಳಿ 45 ಡಿಗ್ರಿಗೆ ಕಾಯ್ದು ಒತ್ತಡ ನಾಲ್ಕನ್ನು ದಾಟುತ್ತದೆ. ಹೊಲಿಗೆ ಬಿಡುವುದು ಆಗಲೇ. ನೀರಿನಿಂದ ಮೇಲೆತ್ತಿದ ಕೂಡಲೇ ಸ್ವಲ್ಪ ಗಾಳಿ ಬಿಡಿ, ನೆರಳಿಗೆ ಎಳೆಯಿರಿ. ಮನೆಗೆ ಬಂದ ಮೇಲೆ ಒಣಗಿಸಿ ಮಡಿಸಿ. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅಟ್ಟದ ಮೇಲಿಡುವವರು ಇಲಿಯನ್ನೂ ಮರೆಯಬೇಡಿ.

ಪೆಟ್ಟಿಗೆಯ ಮೇಲೆ 180 ಕಿಲೋ ಹೊರುತ್ತದೆ ಎಂದು ಬರೆದಿದ್ದರೆ 120 ಎಂದೇ ತಿಳಿಯಿರಿ. ಬರೆದದ್ದರಲ್ಲಿ ಮೂರನೇ ಎರಡು ಪಾಲು ಮೀರದಿರುವುದು ಕ್ಷೇಮ. ನಿಮ್ಮ ತೂಕಕ್ಕೆ ಗಾಳದ ಕೋಲು, ನೀರಿನ ಬಾಟಲಿ, ಊಟದ ಡಬ್ಬಿ, ಬರುವಾಗ ಮೀನು ಎಲ್ಲವನ್ನೂ ಕೂಡಿಸಿ. ಲೈಫ್ ಜಾಕೆಟ್ ಕೊಳ್ಳುವಾಗ ಅದರ ಮೇಲೆ ಐಎಸ್‌ಒ 12402 ಗುರುತು ನೋಡಿ. 50 ನ್ಯೂಟನ್ ಎಂದಿರುವುದು ಈಜು ಬಲ್ಲವರಿಗೆ. ಕೆರೆಗೆ ಇಳಿಯುವ, ಈಜು ಬಾರದವರಿಗೆ 100 ನ್ಯೂಟನ್‌ನದು ಬೇಕು. ಅದನ್ನು ತೊಡಬೇಕು, ಗುಂಡಿ ಪಟ್ಟಿ ಬಿಗಿಯಬೇಕು. ಈ ಮಾತು ನನ್ನ ತಮ್ಮನಿಗೆ ವಿಶೇಷವಾಗಿ!

ಎಲ್ಲಿ ಇಳಿಸುವುದು? ಬಾಲ್ಕನಿಯಿಂದ ಕಾಣುವ ನೀರೆಲ್ಲ ದೋಣಿಯ ನೀರಲ್ಲ. ಸರೂರ್‌ನಗರ ಕೆರೆಯಲ್ಲಿ ಗಣೇಶ ವಿಸರ್ಜನೆ ನಡೆಯುತ್ತದೆ. ಹಾಗೆ ವಿಸರ್ಜನೆಯಾದ ಕೆರೆಯ ತಳದಲ್ಲಿ ಕಬ್ಬಿಣದ ಸರಳು ಉಳಿದಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ, ಚರಂಡಿ ನೀರಿನ ಮಾತು ಬೇರೆ. 1908ರ ಮೂಸಿ ಪ್ರವಾಹದ ಬಳಿಕ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯ ಫಲವಾಗಿ ಎದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಊರಿಗೆ ಕುಡಿಯುವ ನೀರಿಗಾಗಿ ಇರುವಂಥವು. ಅಲ್ಲಿ ಮನಸ್ಸು ಬಂದಂತೆ ಇಳಿಯುವಂತಿಲ್ಲ. ಊರ ಕೆರೆಗಳಲ್ಲಿ ಮೀನಿನ ಹಕ್ಕು ಬಹುಮಟ್ಟಿಗೆ ಅಲ್ಲಿನ ಮೀನುಗಾರರ ಸಹಕಾರ ಸಂಘದ್ದು. ಅವರು ಮರಿ ಬಿಟ್ಟು ಕಾಯ್ದು ಬೆಳೆಸಿದ ಮೀನು ಅದು. ಹೊಲಕ್ಕೆ ನುಗ್ಗಿ ಜೋಳದ ತೆನೆ ಮುರಿಯುತ್ತೇವೆಯೇ? ಇದೂ ಹಾಗೆಯೇ. ಮೊದಲು ಹೋಗಿ ಕೇಳಿ. ನಮ್ಮ ಒಂದು ಗಾಳ ಹರಿದ ಬಲೆ ಒಂದು ಮನೆಯ ನಾಲ್ಕು ದಿನದ ಅನ್ನ.

ತಮ್ಮ ಈಗ ಏನು ಮಾಡುತ್ತಾನೆ ಎಂದು ಕೇಳುತ್ತೀರಾ? ಹಳೆಯ ನೀಲಿ ಹಳದಿ ದೋಣಿ ಓಣಿಯ ಮಕ್ಕಳಿಗೆ ಮಾಳಿಗೆಯ ಮೇಲೆ ಬೇಸಿಗೆಯ ಈಜುಕೊಳವಾಗಿದೆ. ಎರಡು ವರ್ಷ ಹಣ ಕೂಡಿಸಿ ಅಗಲವಾದ, ಗಟ್ಟಿ ಬಟ್ಟೆಯ ಒಂದು ಕಯಾಕ್ ಕೊಂಡ. ಕೊಳ್ಳುವ ಮೊದಲು ಹೋಗಿ ಕೇಳಿದ್ದು ಯಾರನ್ನು ಗೊತ್ತೇ? ಅದೇ ತಾತನನ್ನು. ಅವರು ಫೋಟೊ ನೋಡಿ, "ಇದು ತಿರುಗಿ ಬರುತ್ತದೆ" ಎಂದರಂತೆ. ಸಂಘದವರನ್ನು ಕೇಳಿ, ಬಲೆ ಇಲ್ಲದ ಮೂಲೆಯಲ್ಲಿ, ಬೆಳಕು ಹರಿಯುವಾಗ ಇಳಿದು ಹತ್ತು ಗಂಟೆಯೊಳಗೆ ಮೇಲೆ ಬರುತ್ತಾನೆ. ಒಬ್ಬನೇ ಹೋಗುವುದಿಲ್ಲ. ಕೊರಳಿಗೆ ಒಂದು ಸೀಟಿ ಕಟ್ಟಿಕೊಂಡಿರುತ್ತಾನೆ. ಅದು ಅಕ್ಕನ ಆಜ್ಞೆ.

ಆದ್ದರಿಂದ ಓದುಗರೇ, ಅಂಗಡಿಯವನು ಬಣ್ಣ ತೋರಿಸುತ್ತಾನೆ, ಕಪ್ ಇಡುವ ಜಾಗ ತೋರಿಸುತ್ತಾನೆ. ನೀವು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಾಳಿ ಎದುರಾದಾಗ, ಒಂದು ಚೀಲ ಒಡೆದಾಗ, ನಾನು ದಣಿದಾಗ ಇದು ನನ್ನನ್ನು ದಡಕ್ಕೆ ತರುತ್ತದೆಯೇ? ಹೋಗುವುದಕ್ಕೆ ಎಲ್ಲ ದೋಣಿಯೂ ಆಗುತ್ತದೆ. ಬರುವುದಕ್ಕೆ ಆಗುವುದನ್ನು ಕೊಳ್ಳಿ. ಮೀನು ಸಿಕ್ಕರೆ ಸಾರು, ಸಿಗದಿದ್ದರೆ ಬೇಳೆ ಸಾರು. ಮನೆಯಲ್ಲಿ ಕಾಯುವವರಿಗೆ ಬೇಕಾದದ್ದು ನೀವು.

ನಿಮ್ಮೂರಿನ ಹರಿಗೋಲಿನ ನೆನಪುಗಳಿದ್ದರೆ ನಮಗೆ ಬರೆದು ಕಳಿಸಿ, ಓದಿ ಹೇಳುವ ಸಂತೋಷ ನನ್ನದು.