ಕರುಳಿನ ಹೊಸ ಕಸುಬು

"ಮೇಷ್ಟ್ರೇ, ನಿಮ್ಮ ಕರುಳಿನಿಂದಲೇ ಚೀಲ ಹೊಲಿದಿದ್ದಾರಂತೆ, ಹೌದೇ?" ಎಂದು ಹಳೇಕೋಟೆಯಲ್ಲಿ ಈಗಲೂ ಕೇಳುವವರಿದ್ದಾರೆ. ಹೌದು. ನೋವಿಲ್ಲದೆ ಮೂತ್ರ ಕೆಂಪಾದರೆ ನಮ್ಮ ಕಡೆ ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಅದು ಬೀಡಿ ಸಿಗರೇಟುಗಳ ಫಲವಾಗಿರಬಹುದೆಂದು ಎಣಿಸುವವರು ಕಡಮೆ. ನನ್ನದು ಕ್ಯಾನ್ಸರ್ ಎಂದು ತಿಳಿದ ಮೇಲೆ ವೈದ್ಯರು ಮೂತ್ರಕೋಶವನ್ನೇ ತೆಗೆದರು. ಸಣ್ಣಕರುಳಿನ ಸುಮಾರು 60 ಸೆಂಟಿಮೀಟರ್ ಭಾಗವನ್ನು ರಕ್ತನಾಳಗಳ ಸಮೇತ ಬೇರ್ಪಡಿಸಿ, ಉದ್ದಕ್ಕೂ ಸೀಳಿ, ಚೀಲವಾಗಿ ಹೊಲಿದು, ಮೂತ್ರದ ಹಳೆಯ ದಾರಿಗೇ ಜೋಡಿಸಿದರು. ಕೆರೆ ಹೊಸದು, ತೂಬು ಮಾತ್ರ ಹಳೆಯದು. ಸೀಳುವುದೇಕೆ? ಕೊಳವೆಯಾಗಿಯೇ ಉಳಿದರೆ ಕರುಳು ಅನ್ನವನ್ನು ನೂಕಿದಂತೆ ಮೂತ್ರವನ್ನೂ ನೂಕೀತು.

1950ರಲ್ಲಿ ಅಮೆರಿಕದ ಬ್ರಿಕರ್ ವಿವರಿಸಿದ ವಿಧಾನದಲ್ಲಿ ಮೂತ್ರವು ಹೊಟ್ಟೆಯ ಮೇಲಿನ ರಂಧ್ರದಿಂದ ಹೊರಚೀಲಕ್ಕೆ ಇಳಿಯುತ್ತದೆ. ಈ ಒಳಚೀಲವನ್ನು 1980ರ ದಶಕದಲ್ಲಿ ಜರ್ಮನಿಯ ಹೌಟ್‌ಮನ್, ಸ್ವಿಟ್ಜರ್ಲೆಂಡಿನ ಸ್ಟೂಡರ್ ಮೊದಲಾದವರು ರೂಢಿಗೆ ತಂದರು. ಮೂತ್ರಪಿಂಡ ದುರ್ಬಲವಾದವರಿಗೆ ಹೊರಚೀಲವೇ ಕ್ಷೇಮ.

ಕನ್ನಡದಲ್ಲಿ ಕರುಳೆಂದರೆ ಮರುಕ, ಒಡಲಸಂಬಂಧ. ಈ ಕರುಳಾದರೋ ಕರೆಯುವುದೇ ಇಲ್ಲ! ತುಂಬಿದೆಯೆಂಬ ಹಳೆಯ ಸೂಚನೆಯಿಲ್ಲ. ಕೆಳಹೊಟ್ಟೆ ಭಾರವೆನಿಸಿದರೆ ಉಂಟು. ಮೊದಮೊದಲು ಎರಡು ಗಂಟೆಗೊಮ್ಮೆ, ಬರಬರುತ್ತ ಮೂರು ನಾಲ್ಕು ಗಂಟೆಗೊಮ್ಮೆ, ಕುಳಿತು, ಸ್ನಾಯುಗಳನ್ನು ಸಡಿಲಿಸಿ, ಹೊಟ್ಟೆಯನ್ನು ಒತ್ತಿ ಬರಿದು ಮಾಡಬೇಕು. ಹುಟ್ಟುಗುಣವನ್ನೂ ಅದು ಬಿಟ್ಟಿಲ್ಲ: ಲೋಳೆ ಸುರಿಸುತ್ತದೆ, ಮೂತ್ರದ ಆಮ್ಲಾಂಶವನ್ನು ರಕ್ತಕ್ಕೆ ಹೀರುತ್ತದೆ. ಆದ್ದರಿಂದ ರಕ್ತಪರೀಕ್ಷೆ ತಪ್ಪಿದ್ದಲ್ಲ.

ರಾತ್ರಿ ಎರಡಕ್ಕೂ ಐದಕ್ಕೂ ಅಲಾರಂ ಇಡುತ್ತೇನೆ. ಅದು ಕೇಳಿಸದ ರಾತ್ರಿ ಹಾಸಿಗೆ ನೆನೆಯುತ್ತದೆ. ನನ್ನ ಮನೆಯಾಕೆ ಮಾತಿಲ್ಲದೆ ಎದ್ದು ದುಪ್ಪಟಿ ಬದಲಿಸುತ್ತಾಳೆ.