ಹತ್ತು ನಿಮಿಷದ ಕಾಫಿ

ಯುದ್ಧ ಅಂದ್ರೆ ನಮ್ಮ ಚಾನೆಲ್‌ಗಳಲ್ಲಿ ಮಾತಿಗೆ ಬರ ಇಲ್ಲ. ಯಾವ ಕ್ಷಿಪಣಿ ಎಷ್ಟು ಕಿಲೋಮೀಟರ್ ಹೋಗುತ್ತೆ, ಯಾವ ವಿಮಾನ ಯಾವುದನ್ನ ಹೊಡೆಯುತ್ತೆ, ಎಲ್ಲಾ ಗ್ರಾಫಿಕ್ಸ್ ಸಮೇತ ತೋರಿಸ್ತೀವಿ. ಇಂಜಿನಿಯರಿಂಗ್ ಓದಿದವನು ನಾನು, ಆ ವಿಷಯ ನನಗೂ ಇಷ್ಟವೇ. ಆದ್ರೆ ಇವತ್ತು ಕ್ಷಿಪಣಿ ಬೇಡ. ಇವತ್ತು ಕಾಫಿ, ಮೊಟ್ಟೆ ಸ್ಯಾಂಡ್‌ವಿಚ್, ಹುಟ್ಟುಹಬ್ಬದ ಕೇಕ್. ಇವೂ ಯುದ್ಧದ ಸುದ್ದಿಯೇ, ನೋಡ್ತಾ ಹೋಗಿ.

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ನಾರ್ತ್ ಪ್ಲಾಟ್ ಅಂತ ಒಂದು ಊರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಸುಮಾರು 12,000. ಸುತ್ತ ಜೋಳದ ಹೊಲ, ದನದ ಹಿಂಡು, ನಡುವೆ ಯೂನಿಯನ್ ಪೆಸಿಫಿಕ್ ರೈಲು ಹಳಿ. 1941ರ ಡಿಸೆಂಬರ್ 7ಕ್ಕೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಅದಾಗಿ ಹತ್ತು ದಿನಕ್ಕೆ ಊರಲ್ಲಿ ಒಂದು ಸುದ್ದಿ ಹಬ್ಬಿತು: ನಮ್ಮ ನೆಬ್ರಾಸ್ಕಾದ ಹುಡುಗರ ಡಿ ಕಂಪನಿ ಇವತ್ತು ರೈಲಲ್ಲಿ ಈ ದಾರೀಲೇ ಹೋಗುತ್ತಂತೆ. ಸರಿ, ಅಪ್ಪ ಅಮ್ಮ, ಅಕ್ಕ ತಂಗಿ, ಮದುವೆ ನಿಶ್ಚಯವಾದ ಹುಡುಗಿಯರು, ನೂರಾರು ಜನ ಕೈಲಿ ಬುತ್ತಿ, ಸಿಗರೇಟು, ಉಡುಗೊರೆ ಹಿಡಿದು ಸ್ಟೇಷನ್‌ಗೆ ಬಂದು ನಿಂತರು. ಡಿಸೆಂಬರ್ ಚಳಿ. ಕೊನೆಗೂ ರೈಲು ಬಂತು. ಡಿ ಕಂಪನಿಯೇ ಹೌದು. ಆದ್ರೆ ನೆಬ್ರಾಸ್ಕಾದ್ದಲ್ಲ, ಕಾನ್ಸಾಸ್‌ನದು!

ನಮ್ಮ ಹುಡುಗರಲ್ಲ, ಪಕ್ಕದ ರಾಜ್ಯದವರು. ಈಗ ಏನು ಮಾಡೋದು? ಬುತ್ತಿ ಮನೆಗೆ ವಾಪಸ್ ತಗೊಂಡು ಹೋಗಬಹುದಿತ್ತು. ಕ್ಷಣ ಹೊತ್ತು ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ಆಮೇಲೆ ತಂದಿದ್ದನ್ನೆಲ್ಲಾ ಆ ಗುರುತಿಲ್ಲದ ಹುಡುಗರ ಕೈಗೆ ಕೊಟ್ಟುಬಿಟ್ಟರು.

ಆ ಗುಂಪಿನಲ್ಲಿ ರೇ ವಿಲ್ಸನ್ ಎಂಬ ಹೆಣ್ಣುಮಗಳಿದ್ದಳು. ವಯಸ್ಸು 26, ಔಷಧಿ ಅಂಗಡಿಯಲ್ಲಿ ಕೆಲಸ. ಸೋದರನನ್ನ ನೋಡಲು ಬಂದಿದ್ದವಳು. ಮನೆಗೆ ಹೋದವಳೇ ಊರಿನ ಪತ್ರಿಕೆಗೆ ಕಾಗದ ಬರೆದಳು: ಇದನ್ನ ಒಂದು ದಿನಕ್ಕೆ ಯಾಕೆ ಬಿಡಬೇಕು, ಹೋಗೋ ಬರೋ ಎಲ್ಲಾ ಸೈನಿಕರಿಗೂ ಒಂದು ಕ್ಯಾಂಟೀನ್ ಯಾಕೆ ಮಾಡಬಾರದು, ಜವಾಬ್ದಾರಿ ಬೇಕಾದ್ರೆ ನಾನು ಹೊರ್ತೀನಿ ಅಂತ. ಒಂದು ವಾರ ಕಳೆಯಿತು. ಕ್ರಿಸ್‌ಮಸ್ ದಿನ ರಾತ್ರಿ ಕ್ಯಾಂಟೀನ್ ಶುರು. ಸರ್ಕಾರದ ಆದೇಶ ಇಲ್ಲ, ಸಮಿತಿ ವರದಿ ಇಲ್ಲ, ರಿಬ್ಬನ್ ಕತ್ತರಿಸೋ ಮಂತ್ರಿ ಇಲ್ಲ. ರೈಲ್ವೆ ಕಂಪನಿ ಸ್ಟೇಷನ್ನಿನ ಊಟದ ಕೋಣೆ ಬಿಟ್ಟುಕೊಟ್ಟಿತು, ಅಷ್ಟೇ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಂಜಿನಿಯರಿಂಗ್ ಚಟ, ಸಹಿಸಿಕೊಳ್ಳಿ. ಆ ರೈಲುಗಳು ಅಲ್ಲಿ ನಿಲ್ಲುತ್ತಿದ್ದುದು ಸೈನಿಕರಿಗಾಗಿ ಅಲ್ಲ. ಹಬೆ ಇಂಜಿನ್‌ಗೆ ಬಾಯಾರಿಕೆ ಆಗುತ್ತೆ. ನೀರು ತುಂಬಬೇಕು, ಚಕ್ರಕ್ಕೆ ಎಣ್ಣೆ ಬಿಡಬೇಕು. ಅದಕ್ಕೆ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಆ ಹತ್ತು ನಿಮಿಷದಲ್ಲಿ ಒಂದು ರೈಲಿನ ಅಷ್ಟೂ ಹುಡುಗರು ಇಳಿದು, ಓಡಿ ಬಂದು, ಬಿಸಿ ಕಾಫಿ ಕುಡಿದು, ಸ್ಯಾಂಡ್‌ವಿಚ್ ತಿಂದು, ಒಂದು ಪತ್ರಿಕೆ ಎತ್ತಿಕೊಂಡು, ಪಿಯಾನೋ ಬಾರಿಸಿ, ಮತ್ತೆ ಓಡಿ ಹತ್ತಬೇಕು. ಅದೇ ಡೀಸೆಲ್ ಇಂಜಿನ್ ಆಗಿದ್ದರೆ ರೈಲು ಸೀದಾ ಹೋಗಿಬಿಡುತ್ತಿತ್ತೋ ಏನೋ. ಇಂಜಿನ್ನಿನ ಬಾಯಾರಿಕೆಯಿಂದ ಹುಟ್ಟಿದ ಕ್ಯಾಂಟೀನ್ ಇದು.

ಈಗ ಲೆಕ್ಕ ನೋಡಿ. 1941ರ ಡಿಸೆಂಬರ್ 25ರಿಂದ 1946ರ ಏಪ್ರಿಲ್ 1ರವರೆಗೆ ಕ್ಯಾಂಟೀನ್ ನಡೆಯಿತು. ಬಂದು ಹೋದ ಸೈನಿಕರು ಸುಮಾರು 60 ಲಕ್ಷ. ಭಾಗಿಸಿ ನೋಡಿ, ದಿನಕ್ಕೆ ಸರಾಸರಿ 3,800ಕ್ಕೂ ಹೆಚ್ಚು. ಊರಿದ್ದುದೇ 12,000 ಜನರದು. ಒಂದೇ ಊರಿಗೆ ಆಗುವ ಕೆಲಸವಾ? ಆಗಲ್ಲ. ಸುತ್ತಮುತ್ತಲಿನ ಸುಮಾರು 125 ಊರುಗಳು ಪಾಳಿ ಹಾಕಿಕೊಂಡವು. ಇವತ್ತು ಈ ಹಳ್ಳಿ, ನಾಳೆ ಆ ಹಳ್ಳಿ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆ ನೆನಪು ಮಾಡಿಕೊಳ್ಳಿ. ಊರೂರಿನಿಂದ ಹೆಣ್ಣುಮಕ್ಕಳು ರೊಟ್ಟಿ ಬಡಿದು ಗಂಟು ಕಟ್ಟಿ ದಾಸೋಹಕ್ಕೆ ಕಳಿಸ್ತಾರಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಇವರು ನಾಲ್ಕು ವರ್ಷದ ಮೇಲೆ ಒಂದು ದಿನವೂ ಬಿಡದೆ ಮಾಡಿದರು.

ಅದೂ ಯಾವಾಗ? ಸಕ್ಕರೆಗೆ ರೇಷನ್, ಪೆಟ್ರೋಲಿಗೆ ರೇಷನ್ ಇದ್ದಾಗ. ಮನೆಯ ಮಕ್ಕಳ ಪಾಲಿನ ಸಕ್ಕರೆ ಉಳಿಸಿ ಕೇಕ್ ಮಾಡಿದರು. ಯಾವ ಹುಡುಗನ ಹುಟ್ಟುಹಬ್ಬ ಇದೆಯೋ ಅವನ ಕೈಗೆ ಇಡೀ ಕೇಕ್. ಪಾಪ್‌ಕಾರ್ನ್ ಉಂಡೆ ಕಟ್ಟುವ ಹುಡುಗಿಯರು ಒಳಗೆ ಚೀಟಿಯಲ್ಲಿ ಹೆಸರು ವಿಳಾಸ ಬರೆದು ಇಡುತ್ತಿದ್ದರು. ತುಂಟತನ! ಅದರಿಂದ ಕಾಗದ ಓಡಾಡಿ, ಕೆಲವು ಮದುವೆಗಳೂ ಆದವು. ಒಬ್ಬ ಪುಟ್ಟ ಹುಡುಗನಂತೂ ದನದ ಹರಾಜಿನ ಕಟ್ಟೆ ಮೇಲೆ ನಿಂತು ತೊಟ್ಟ ಅಂಗಿಯನ್ನೇ ಬಿಚ್ಚಿ ಹರಾಜು ಹಾಕಿ, ಬಂದ ದುಡ್ಡು ಕ್ಯಾಂಟೀನಿಗೆ ಕೊಟ್ಟ. ಮತ್ತೆ ಮತ್ತೆ ಕೊಟ್ಟ. ಶ್ವೇತಭವನದಿಂದ ಬಂದಿದ್ದು ಎಷ್ಟು ಗೊತ್ತಾ? ಅಧ್ಯಕ್ಷ ರೂಸ್‌ವೆಲ್ಟ್ ಕಳಿಸಿದ 5 ಡಾಲರ್.

ಆದ್ರೆ ಈ ಊರನ್ನ ದೇವಲೋಕ ಮಾಡೋದು ಬೇಡ. 1929ರಲ್ಲಿ, ಕ್ಯಾಂಟೀನಿಗೆ ಹನ್ನೆರಡು ವರ್ಷ ಮೊದಲು, ಇದೇ ನಾರ್ತ್ ಪ್ಲಾಟ್‌ನಲ್ಲಿ ಒಂದು ಕೊಲೆ ನಡೆದಾಗ ಜನರ ಗುಂಪು ಊರಿನ ಕಪ್ಪು ಜನರನ್ನೆಲ್ಲ ಹೆದರಿಸಿ ಓಡಿಸಿತ್ತು. ಮಾಡಿದವನು ಒಬ್ಬ, ಊರು ಬಿಟ್ಟವರು ಎಲ್ಲರೂ. ಅದೇ ಊರಿನ ಕ್ಯಾಂಟೀನ್ ಮೇಜಿನ ಮುಂದೆ ಕಪ್ಪು ಸೈನಿಕರೂ ಬಂದು ನಿಂತರು, ಅವರಿಗೂ ಅದೇ ಕಾಫಿ, ಅದೇ ಕೇಕ್ ಸಿಕ್ಕಿತು. ಅವತ್ತಿನ ಅಮೆರಿಕ ಸೈನ್ಯದಲ್ಲೇ ಬಿಳಿಯರ ದಳ ಬೇರೆ, ಕರಿಯರ ದಳ ಬೇರೆ ಇತ್ತು ಅನ್ನೋದು ನೆನಪಿರಲಿ. ಇದರಿಂದ 1929ರ ಲೆಕ್ಕ ಚುಕ್ತಾ ಆಯ್ತು ಅಂತ ನಾನು ಹೇಳಲ್ಲ. ಎರಡೂ ಆ ಊರಿನ ಕಥೆಯೇ.

1973ರಲ್ಲಿ ಆ ಸ್ಟೇಷನ್ ಕಟ್ಟಡ ಕೆಡವಿದರು. ಕಥೆ ಮುಗೀತು ಅಂದುಕೊಂಡ್ರಾ? 2018ರ ಜೂನ್ ತಿಂಗಳಲ್ಲಿ ಅರ್ಕಾನ್ಸಾಸ್‌ನ ಸುಮಾರು 700 ಸೈನಿಕರು ತರಬೇತಿ ಮುಗಿಸಿ ಬಸ್ಸುಗಳಲ್ಲಿ ಆ ದಾರಿಯಲ್ಲಿ ವಾಪಸ್ ಹೋಗಬೇಕಿತ್ತು. ಊರಿನವರು ಮತ್ತೆ ಟೇಬಲ್ ಹಾಕಿದರು. ಅಜ್ಜಿಯಂದಿರು ಮಾಡಿದ್ದನ್ನ ಮೊಮ್ಮಕ್ಕಳು ಮಾಡಿದರು.

ಇದು ಒಂದು ಊರಿನ ಮಾತಾಯ್ತು. ಇದೇ ಕೆಲಸವನ್ನ ಇಡೀ ದೇಶದ ಮಟ್ಟದಲ್ಲಿ ಮಾಡಲು 1941ರ ಫೆಬ್ರವರಿಯಲ್ಲಿ ಯುಎಸ್‌ಓ ಅನ್ನೋ ಸಂಸ್ಥೆ ಹುಟ್ಟಿತ್ತು. ಪ್ರೊಟೆಸ್ಟಂಟ್, ಕ್ಯಾಥೊಲಿಕ್, ಯಹೂದಿ, ಹೀಗೆ ಬೇರೆ ಬೇರೆಯವರ ಆರು ಸೇವಾ ಸಂಸ್ಥೆಗಳು ಸೇರಿ ಕಟ್ಟಿದ್ದು. ಬಾಬ್ ಹೋಪ್ ಎಂಬ ಹಾಸ್ಯನಟ ಇವರ ಜೊತೆ ದಶಕಗಟ್ಟಲೆ ಯುದ್ಧಭೂಮಿ ಸುತ್ತಿ ಸೈನಿಕರನ್ನ ನಗಿಸಿದ. ಹೊರಗಿನವರಿಗೆ ಗೊತ್ತಿರೋದು ಆ ಸ್ಟಾರ್‌ಗಳ ಶೋ ಮಾತ್ರ. ನನಗೆ ಆಸಕ್ತಿ ಇರೋದು ಶೋ ಇಲ್ಲದ ದಿನ ಅಲ್ಲಿ ಏನು ನಡೆಯುತ್ತೆ ಅನ್ನೋದರಲ್ಲಿ.

ಅಫ್ಘಾನಿಸ್ತಾನದ ಬಾಗ್ರಾಮ್ ನೆಲೆಯಲ್ಲಿ 2005ರಲ್ಲಿ ಇಂಥದ್ದೊಂದು ಕೇಂದ್ರ ತೆರೆಯಿತು. ಹೆಸರು ಪ್ಯಾಟ್ ಟಿಲ್ಮನ್ ಕೇಂದ್ರ. ಒಳಗೆ ಸೋಫಾ, ಟಿವಿ, ವಿಡಿಯೋ ಗೇಮ್, ಕಂಪ್ಯೂಟರ್, ಮನೆಗೆ ಫೋನ್ ಮಾಡುವ ಸೌಲಭ್ಯ, ಕಾಫಿ. ಮದ್ಯ ಇರಲಿಲ್ಲ, ಅಲ್ಲಿ ಸೈನ್ಯಕ್ಕೆ ಅದು ನಿಷಿದ್ಧವಾಗಿತ್ತು. ಅಲ್ಲಿ ಸ್ವಯಂಸೇವಕರು ಯಾರು? ಯುದ್ಧಭೂಮಿಗೆ ನೆಬ್ರಾಸ್ಕಾದ ಅಜ್ಜಿಯರು ಬರೋಕಾಗಲ್ಲ. ಅದೇ ನೆಲೆಯಲ್ಲಿ ಡ್ಯೂಟಿ ಮುಗಿಸಿದ ಸೈನಿಕರು, ಅಲ್ಲೇ ಕೆಲಸಕ್ಕೆ ಬಂದಿದ್ದ ಸಿವಿಲಿಯನ್ನರು. ತಮ್ಮ ಪಾಳಿ ಮುಗಿಸಿ, ಮಲಗುವ ಮುಂಚೆ ಒಂದೆರಡು ಗಂಟೆ ಇಲ್ಲಿ ಬಂದು ಕಾಫಿ ಪಾತ್ರೆ ತೊಳೆಯೋದು, ಗೇಮ್ ರಿಮೋಟ್ ಒರೆಸಿ ಇಡೋದು, ಬಂದವರ ಹೆಸರು ಬರೆದುಕೊಳ್ಳೋದು. ಮನೆಯಲ್ಲಿ ಹೆಂಡತಿ ಹೇಳಿದರೆ ಗೊಣಗುವ ಕೆಲಸಗಳು!

ಆ ಕೆಲಸ ಯಾಕೆ ಮುಖ್ಯ ಅಂತೀರಾ? ಬಾಗ್ರಾಮ್‌ನಲ್ಲಿ ರಾತ್ರಿ 9 ಗಂಟೆ ಆದಾಗ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಾದ್ರೆ ಮಧ್ಯಾಹ್ನ ಹನ್ನೆರಡೂವರೆ. ಮಗು ಶಾಲೆಯಲ್ಲಿರುತ್ತೆ. ಮಗು ಮಲಗುವ ಹೊತ್ತಿಗೆ ಕಥೆ ಹೇಳಬೇಕೆಂದರೆ ಅಪ್ಪ ಬೆಳಗಿನ ಜಾವ ಎದ್ದು ಬರಬೇಕು. ಅದಕ್ಕೆ ಯುಎಸ್‌ಓ ಕೇಂದ್ರಗಳಲ್ಲಿ ಒಂದು ವ್ಯವಸ್ಥೆ ಮಾಡಿದರು. ಸೈನಿಕ ಒಂದು ಮಕ್ಕಳ ಪುಸ್ತಕ ತಗೊಂಡು ಕ್ಯಾಮೆರಾ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ಆ ರೆಕಾರ್ಡಿಂಗ್ ಮನೆಗೆ ಹೋಗುತ್ತೆ. ಮಗು ದಿನಾ ರಾತ್ರಿ ಅಪ್ಪನ ದನಿಯಲ್ಲೇ ಕಥೆ ಕೇಳುತ್ತೆ. ಕ್ಯಾಮೆರಾದಿಂದ ಏನೆಲ್ಲಾ ಕೆಲಸ ಮಾಡಿಸಬಹುದು ಅಂತ ನಮ್ಮ ವೃತ್ತಿಯವರು ಕಲಿಯಬೇಕಾದ್ದು ಇದು.

ಇನ್ನು ಆ ಹೆಸರು, ಪ್ಯಾಟ್ ಟಿಲ್ಮನ್. ದೊಡ್ಡ ಫುಟ್‌ಬಾಲ್ ಆಟಗಾರ. ಅವರ ಫುಟ್‌ಬಾಲ್, ಕೈಲಿ ಹಿಡಿದು ಓಡೋದು. 36 ಲಕ್ಷ ಡಾಲರ್‌ನ ಒಪ್ಪಂದ ಬಿಟ್ಟು 2002ರಲ್ಲಿ ತಮ್ಮನ ಜೊತೆ ಸೈನ್ಯ ಸೇರಿದ. 2004ರ ಏಪ್ರಿಲ್ 22ರಂದು ಅಫ್ಘಾನಿಸ್ತಾನದಲ್ಲಿ ಸತ್ತ. ಶತ್ರುಗಳ ಗುಂಡಿಗೆ ಎದೆಯೊಡ್ಡಿದ ವೀರ ಎಂದು ಸೈನ್ಯ ಹೇಳಿತು, ಪದಕ ಕೊಟ್ಟಿತು, ಶ್ರದ್ಧಾಂಜಲಿ ಸಭೆ ಟಿವಿಯಲ್ಲಿ ದೇಶಕ್ಕೆಲ್ಲ ಪ್ರಸಾರವಾಯ್ತು. ವಾರಗಳು ಕಳೆದ ಮೇಲೆ ಮನೆಯವರಿಗೆ ನಿಜ ತಿಳಿಸಿದರು. ಹೊಡೆದಿದ್ದು ಶತ್ರು ಅಲ್ಲ, ಗೊಂದಲದಲ್ಲಿ ತನ್ನದೇ ದಳದವರ ಗುಂಡು. ಅವನ ತಾಯಿ ವರ್ಷಗಟ್ಟಲೆ ದಾಖಲೆ ಕೇಳಿ ಕೇಳಿ ಹೋರಾಡಬೇಕಾಯ್ತು.

ಟಿವಿಗೆ ವೀರ ಬೇಕಿತ್ತು, ಅಧಿಕಾರಿಗಳಿಗೂ ಬೇಕಿತ್ತು. ಮನೆಯವರಿಗೆ ಬೇಕಾಗಿದ್ದು ನಿಜ. ಅವನ ಹೆಸರಿನ ಆ ಕೋಣೆ ಮಾತ್ರ ಯಾರಿಗೂ ಸುಳ್ಳು ಹೇಳಲಿಲ್ಲ. ದಣಿದು ಬಂದವನಿಗೆ ಕುರ್ಚಿ ಕೊಟ್ಟಿತು, ಫೋನ್ ಕೊಟ್ಟಿತು. 2021ರ ಜುಲೈನಲ್ಲಿ ಅಮೆರಿಕ ಸೈನ್ಯ ರಾತ್ರೋರಾತ್ರಿ ಬಾಗ್ರಾಮ್ ಬಿಟ್ಟು ಹೊರಟುಹೋಯ್ತು. ಆ ಯುದ್ಧ ಸರಿಯಾ ತಪ್ಪಾ ಅಂತ ಇವತ್ತಿಗೂ ಜಗಳ ಇದೆ, ಇರಲಿ, ಇರಬೇಕು. ಯುದ್ಧ ಒಪ್ಪದವನು ಸೈನಿಕನಿಗೆ ಕಾಫಿ ಕೊಡಬಾರದು ಅಂತೇನಿಲ್ಲ. ಯುದ್ಧಕ್ಕೆ ಕಳಿಸೋದು ದಿಲ್ಲಿಯೋ ವಾಷಿಂಗ್ಟನ್ನೋ, ಹೋಗೋದು ಇಪ್ಪತ್ತೆರಡು ವರ್ಷದ ಹುಡುಗ.

ಈಗ ನಮ್ಮ ಕಡೆ ಬನ್ನಿ. 2016ರ ಫೆಬ್ರವರಿ ನಿಮಗೆ ನೆನಪಿದೆ. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕವರು ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. ಇಡೀ ಕರ್ನಾಟಕ ದೇವರಿಗೆ ದೀಪ ಹಚ್ಚಿತು. ಫೆಬ್ರವರಿ 11ಕ್ಕೆ ಅವರು ಹೋದರು. ಆ ಒಂದು ವಾರ ಸಿಯಾಚಿನ್ ಬಗ್ಗೆ ನಮಗೆ ಇದ್ದ ಕಾಳಜಿ ಉಳಿದ ಐವತ್ತೊಂದು ವಾರ ಎಲ್ಲಿರುತ್ತೆ? ಬದುಕಿರುವ, ಪೆಟ್ಟಾಗದ, ಸುದ್ದಿಯಾಗದ ಯೋಧನಿಗೆ ನಾವು ಏನು ಮಾಡ್ತೀವಿ?

ಏನೂ ಇಲ್ಲ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. 1965ರ ಯುದ್ಧದಲ್ಲಿ ಪಂಜಾಬಿನ ಹಳ್ಳಿಯವರು ರೊಟ್ಟಿ, ಲಸ್ಸಿ ಹೊತ್ತು ಸೈನಿಕರ ಹತ್ತಿರ ಹೋಗಿದ್ದರು. ವಿವಿಧ ಭಾರತಿಯ ‘ಜಯಮಾಲಾ’ ಕಾರ್ಯಕ್ರಮ ತಲೆಮಾರುಗಳಿಂದ ಯೋಧರು ಕೇಳಿದ ಹಾಡು ಹಾಕುತ್ತಿದೆ. ಒಂದು ರೇಡಿಯೋ, ಒಂದು ಹಾಡು, ಹಾಡಿನ ಮುಂಚೆ ನಿಮ್ಮ ಹೆಸರು. ಗಡಿಯಲ್ಲಿ ಕೂತವನಿಗೆ ಅದು ಎಷ್ಟು ದೊಡ್ಡದು! ಸೈನ್ಯದ ಕ್ಯಾಂಟೀನ್ ಇದೆ, ವಿಶ್ರಾಂತಿ ಗೃಹಗಳಿವೆ, ಸೇನಾಧಿಕಾರಿಗಳ ಪತ್ನಿಯರೇ ಮುಂದಿರುವ ಕಲ್ಯಾಣ ಸಂಘ ಇದೆ. ಎಲ್ಲಾ ಒಳ್ಳೇದೇ. ಆದ್ರೆ ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಸೈನ್ಯ ಸೈನ್ಯಕ್ಕೆ ಮಾಡಿಕೊಂಡಿದ್ದು. ನಾವೆಲ್ಲಿ?

ನೀವು ರೈಲಿನಲ್ಲಿ ನೋಡಿರ್ತೀರಿ. ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು. ಜಮ್ಮುವಿನಿಂದಲೋ ಗುವಾಹಟಿಯಿಂದಲೋ ಬೆಳಗಾವಿ, ಹುಬ್ಬಳ್ಳಿ, ಮಡಿಕೇರಿ ಕಡೆ ಹೊರಟವನು. ರಜೆ ಮಂಜೂರಾಗಿದ್ದು ಹಿಂದಿನ ದಿನ, ರಿಸರ್ವೇಶನ್ ಎಲ್ಲಿಂದ ಬರಬೇಕು? ಬಾಗಿಲ ಹತ್ತಿರ ಟ್ರಂಕಿನ ಮೇಲೇ ಕೂತು ಎರಡು ಮೂರು ದಿನ. ದಿಲ್ಲಿಯಲ್ಲಿ ರೈಲು ಬದಲಿಸಲು ಏಳೆಂಟು ಗಂಟೆ ಪ್ಲಾಟ್‌ಫಾರಂ ಮೇಲೆ ಕಾಯ್ತಾನೆ. ಅವನಿಗೆ ‘ಜೈ ಜವಾನ್’ ಅನ್ನುವವರು ಬಹಳ. ಸ್ವಲ್ಪ ಸರಿದು ಜಾಗ ಕೊಡುವವರು ಕಡಿಮೆ.

ಭದ್ರತೆ ಅಂತೀರಿ, ಅಪರಿಚಿತರನ್ನ ಸೈನ್ಯದ ಹತ್ತಿರ ಬಿಡೋದು ಹೇಗೆ ಅಂತ. ಸರಿಯಾದ ಪ್ರಶ್ನೆ. ಯುಎಸ್‌ಓದಲ್ಲೂ ಸುಮ್ಮನೆ ಒಳಗೆ ಬಿಡಲ್ಲ, ಹಿನ್ನೆಲೆ ಪರಿಶೀಲಿಸಿ, ತರಬೇತಿ ಕೊಟ್ಟು ತಗೋತಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ. ಅಲ್ಲಿನ ಸ್ಟೇಷನ್‌ನಲ್ಲಿ ಒಂದು ಕೋಣೆ, ಬಿಸಿ ನೀರಿನ ಸ್ನಾನ, ಚಾರ್ಜ್ ಮಾಡಲು ಪ್ಲಗ್, ಒಂದು ತಟ್ಟೆ ಉಪ್ಪಿಟ್ಟು, ಚಹಾ. ನಿವೃತ್ತ ಯೋಧರು ಉಸ್ತುವಾರಿ, ಊರಿನ ಮಹಿಳಾ ಸಂಘಗಳು, ಕಾಲೇಜು ಹುಡುಗರು ಪಾಳಿ ಮೇಲೆ. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಬೇಕಾಗಿರೋದು ತಪ್ಪದೆ ಬರುವ ಜನ. ಒಂದು ದಿನ ಬ್ಯಾನರ್ ಕಟ್ಟಿ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವವರು ದಯವಿಟ್ಟು ಬೇಡ. ಹೌದು, ನಮ್ಮ ಕ್ಯಾಮೆರಾಗಳೂ ಬೇಡ. ಅವನು ಬಾಯಿ ತೆರೆದು ನಿದ್ದೆ ಮಾಡ್ತಿದ್ರೆ ಮಾಡಲಿ, ಬೈಟ್ ಕೇಳೋದು ಬೇಡ.

ಡಿಸೆಂಬರ್ 7 ಬರ್ತಾ ಇದೆ. 1949ರಿಂದ ನಮ್ಮಲ್ಲಿ ಅದು ಸಶಸ್ತ್ರ ಪಡೆಗಳ ಧ್ವಜ ದಿನ. ಶಾಲೆಯಲ್ಲಿ ಪುಟ್ಟ ಬಾವುಟ ಕೊಟ್ಟು ದುಡ್ಡು ಸಂಗ್ರಹಿಸ್ತಿದ್ದರಲ್ಲ, ಅದೇ. ಈ ಸಲ ದುಡ್ಡು ಹಾಕಿ, ಖಂಡಿತ ಹಾಕಿ. ಜೊತೆಗೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಒಂದು ಮಾತು ಕೇಳಿ ಬನ್ನಿ: ಸಾರ್, ನನ್ನ ಹತ್ತಿರ ವಾರಕ್ಕೊಂದು ಶನಿವಾರ ಇದೆ, ಏನು ಮಾಡಿಸ್ತೀರಿ? ಅವರು ಏನು ಉತ್ತರ ಕೊಟ್ಟರು ಅಂತ ನಮಗೆ ಬರೆಯಿರಿ. ಒಂದು ವಾರ ಆದ ಮೇಲೆ ಇದೇ ಹೊತ್ತಿಗೆ ಆ ಉತ್ತರಗಳನ್ನ ಓದ್ತೀನಿ.