ಕವಚ ತೊಟ್ಟ ಆಟ, ಬರಿಮೈಯ ಆಟ

ರಗ್ಬಿಯನ್ನು ಬಲ್ಲವರೂ ಅಮೆರಿಕನ್ ಫುಟ್‌ಬಾಲನ್ನು ಬಲ್ಲವರೂ ಒಂದೆಡೆ ಕಲೆತರೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಈ ಎರಡರಲ್ಲಿ ಮೈಯನ್ನು ಹೆಚ್ಚು ದಣಿಸುವ, ಹೆಚ್ಚು ನೋಯಿಸುವ ಆಟ ಯಾವುದು? "ನಮ್ಮವರು ಹೆಲ್ಮೆಟ್ ಇಲ್ಲದೆ, ಭುಜಕ್ಕೆ ಕವಚವಿಲ್ಲದೆ ಎಂಬತ್ತು ನಿಮಿಷ ಆಡುತ್ತಾರೆ" ಎಂದು ರಗ್ಬಿಯ ಕಡೆಯವರು ಹೇಳುತ್ತಾರೆ. "ನಮ್ಮಲ್ಲಿ ಬೀಳುವಂಥ ಡಿಕ್ಕಿ ನಿಮ್ಮಲ್ಲಿ ಎಲ್ಲಿ ಬೀಳುತ್ತದೆ?" ಎಂದು ಅಮೆರಿಕದವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಅದು ಎಷ್ಟು, ಎಂಥದು ಎಂಬುದನ್ನು ಈಗ ವಿಚಾರ ಮಾಡೋಣ.

ನಮ್ಮ ಕಡೆ ಈ ಆಟಗಳನ್ನು ಕಣ್ಣಾರೆ ಕಂಡವರು ಕಡಮೆ. ಹಾಗೆಂದು ರಗ್ಬಿ ನಮ್ಮ ದೇಶಕ್ಕೆ ತೀರ ಅಪರಿಚಿತವೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿದ್ದ ಆಂಗ್ಲರು ಒಂದು ರಗ್ಬಿ ಕ್ಲಬ್ಬನ್ನು ನಡೆಸುತ್ತಿದ್ದರು. ಅದನ್ನು ಮುಚ್ಚುವ ಕಾಲ ಬಂದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲನ್ನು ಮಾಡಿಸಿದರು. ಅದರ ಹಿಡಿಗಳು ನಾಗರಹಾವುಗಳು. ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್, ಸ್ಕಾಟ್‌ಲೆಂಡ್ ದೇಶಗಳು ೧೮೭೯ರಿಂದ ಇಂದಿನವರೆಗೂ ಸೆಣಸುತ್ತಿರುವುದು ಈ 'ಕಲ್ಕತ್ತ ಕಪ್'ಗಾಗಿಯೇ.

ಅಮೆರಿಕನ್ ಫುಟ್‌ಬಾಲ್ ಈ ರಗ್ಬಿಯ ಹೊಟ್ಟೆಯಲ್ಲಿ ಹುಟ್ಟಿದ ಕೂಸು. ೧೮೭೪ರಲ್ಲಿ ಕೆನಡದ ಮೆಗಿಲ್ ವಿಶ್ವವಿದ್ಯಾನಿಲಯದ ತಂಡ ಹಾರ್ವರ್ಡಿಗೆ ಬಂದು ರಗ್ಬಿಯಂಥ ಆಟವನ್ನು ಆಡಿ ತೋರಿಸಿತು. ಆರು ವರ್ಷ ಕಳೆದ ಮೇಲೆ, ೧೮೮೦ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಎಂಬಾತ ಒಂದು ಸಣ್ಣ ಬದಲಾವಣೆಯನ್ನು ಸೂಚಿಸಿದ. ರಗ್ಬಿಯಲ್ಲಿ ಆಟ ನಿಂತಾಗ ಎರಡು ಪಕ್ಷದವರೂ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು, ನಡುವೆ ಇರುವ ಚೆಂಡಿಗಾಗಿ ಒಬ್ಬರನ್ನೊಬ್ಬರು ನೂಕುತ್ತಾರೆ. ಇದಕ್ಕೆ ಸ್ಕ್ರಮ್ ಎಂದು ಹೆಸರು. ಕ್ಯಾಂಪ್ ಇದನ್ನು ತೆಗೆದುಹಾಕಿ, ಎರಡು ತಂಡಗಳೂ ಒಂದು ಗೆರೆಯ ಆಚೆ ಈಚೆ ಎದುರುಬದುರಾಗಿ ನಿಲ್ಲುವಂತೆ ಮಾಡಿದ. ಚೆಂಡು ಒಂದು ಪಕ್ಷದ ವಶದಲ್ಲಿಯೇ ಇರುತ್ತದೆ. ಅಲ್ಲಿಂದ ಅವರು ಮುನ್ನುಗ್ಗಬೇಕು. ಈಗಿನ ನಿಯಮದಂತೆ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ.

ಎರಡು ಆಟಗಳಿಗೆ ಬೇಕಾದ ದೇಹಗಳು ಬೇರೆಬೇರೆಯಾದದ್ದು ಈ ಒಂದು ಗೆರೆಯಿಂದ ಎಂದರೆ ಉತ್ಪ್ರೇಕ್ಷೆಯಾಗದು. ಹೇಗೆಂಬುದನ್ನು ನೋಡಿ. ಅಮೆರಿಕನ್ ಫುಟ್‌ಬಾಲಿನ ಗಡಿಯಾರದ ಅವಧಿ ೬೦ ನಿಮಿಷ. ಆದರೆ ಚೆಂಡು ನಿಜವಾಗಿ ಚಲಿಸುವ ಕಾಲವನ್ನು ಕೂಡಿಸಿದರೆ ಸುಮಾರು ೧೧ ನಿಮಿಷ ಮಾತ್ರ. ಒಂದೊಂದು ಪ್ರಯತ್ನವೂ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಅರ್ಧ ನಿಮಿಷಕ್ಕೂ ಮಿಕ್ಕಿ ವಿರಾಮ. ಬದಲಿ ಆಟಗಾರರಿಗೆ ಲೆಕ್ಕವೇ ಇಲ್ಲ. ಚೆಂಡನ್ನು ಒಯ್ಯುವವರು ಒಂದು ಗುಂಪು, ತಡೆಯುವವರು ಇನ್ನೊಂದು ಗುಂಪು, ಒದೆತದ ವೇಳೆಗೆ ಮತ್ತೊಂದು ಗುಂಪು. ಆಡುವವರು ೧೧ ಮಂದಿಯಾದರೂ ವೃತ್ತಿ ತಂಡದ ಪಟ್ಟಿಯಲ್ಲಿ ೫೩ ಮಂದಿ ಇರುತ್ತಾರೆ.

ರಗ್ಬಿಯಲ್ಲಿ ಹೀಗಿಲ್ಲ. ಅಲ್ಲಿ ೧೫ ಮಂದಿ, ೪೦ ನಿಮಿಷದ ಎರಡು ಭಾಗಗಳು. ದೊಡ್ಡ ಪಂದ್ಯಗಳಲ್ಲಿ ಚೆಂಡು ಸುಮಾರು ೩೫ ನಿಮಿಷ ಚಲಿಸುತ್ತಲೇ ಇರುತ್ತದೆ. ಒಬ್ಬನನ್ನು ಕೆಡವಿದರೆ ಆಟ ನಿಲ್ಲುವುದಿಲ್ಲ. ಕೆಡವಿದವನೂ ಬಿದ್ದವನೂ ಎದ್ದು ಮತ್ತೆ ಓಡಬೇಕು. ಬದಲಿಗೆ ಎಂಟು ಮಂದಿ ಮಾತ್ರ. ಒಮ್ಮೆ ಹೊರಗೆ ಹೋದವನು ಸಾಮಾನ್ಯವಾಗಿ ಮರಳಿ ಬರುವಂತಿಲ್ಲ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಐದಾರು ಕಿಲೋಮೀಟರು ಓಡುವುದುಂಟು. ಅವನೇ ಚೆಂಡನ್ನು ಒಯ್ಯಬೇಕು, ಅವನೇ ಎದುರಾಳಿಯನ್ನು ತಡೆಯಬೇಕು. ಮುಂದಿನ ಸಾಲಿನಲ್ಲಿ ಆಡುವವನಾದರೆ ಒಂದೇ ಪಂದ್ಯದಲ್ಲಿ ಹದಿನೈದು ಇಪ್ಪತ್ತು ಸಲ ಎದುರಾಳಿಯನ್ನು ತಬ್ಬಿ ನೆಲಕ್ಕೆ ಕೆಡವಬೇಕಾದೀತು.

ಆದ್ದರಿಂದ ರಗ್ಬಿಗೆ ದಮ್ಮು ಬೇಕು. ಅಮೆರಿಕನ್ ಫುಟ್‌ಬಾಲಿಗೆ ಸಿಡಿಮದ್ದಿನಂಥ ಶಕ್ತಿ ಬೇಕು. ಐದು ಸೆಕೆಂಡು ಮಾತ್ರ ದುಡಿಯುವ ದೇಹ ಎಷ್ಟು ಭಾರವಾದರೂ ನಡೆಯುತ್ತದೆ. ಹೀಗಾಗಿ ಅಮೆರಿಕದ ಗೆರೆಯ ಮುಂದೆ ನಿಲ್ಲುವವರು ಸಾಮಾನ್ಯವಾಗಿ ೧೩೫ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಾರೆ. ರಗ್ಬಿಯ ಅತಿ ಭಾರದ ಆಟಗಾರರು ಬಹುಮಟ್ಟಿಗೆ ಅದಕ್ಕಿಂತ ಹಗುರ. ಅಷ್ಟು ತೂಕಕ್ಕೆ ಅದರದೇ ಆದ ಬೆಲೆಯೂ ಉಂಟು. ೨೦೦೧ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಬೇಸಗೆಯ ತಾಲೀಮಿನಲ್ಲಿ ಕುಸಿದುಬಿದ್ದು, ಮೈಶಾಖ ತಲೆಗೇರಿ, ಮರುದಿನವೇ ತೀರಿಕೊಂಡ. ಭಾರಿ ಮೈ, ಮೇಲೆ ಕವಚ, ಸುಡುವ ಬಿಸಿಲು ಈ ಮೂರೂ ಕೂಡಿದರೆ ದೇಹ ತನ್ನ ಶಾಖವನ್ನು ಹೊರಹಾಕಲಾರದು.

ಒಂದು ಆಟಕ್ಕೆ ಹದಗೊಂಡ ದೇಹ ಇನ್ನೊಂದಕ್ಕೆ ಸುಲಭವಾಗಿ ಒಗ್ಗದು ಎಂಬುದಕ್ಕೆ ಉದಾಹರಣೆಗಳಿವೆ. ವೇಲ್ಸ್ ದೇಶದ ವೇಗದ ಓಟಗಾರ ಲೂಯಿಸ್ ರೀಸ್-ಜಾಮಿಟ್ ೨೦೨೪ರಲ್ಲಿ ರಗ್ಬಿ ಬಿಟ್ಟು ಅಮೆರಿಕಕ್ಕೆ ಹೋದ. ಮರುವರ್ಷವೇ ರಗ್ಬಿಗೆ ಹಿಂದಿರುಗಿದ. ಹದಿಮೂರು ಮಂದಿಯ ರಗ್ಬಿ ಲೀಗ್ ಆಡುತ್ತಿದ್ದ ಆಸ್ಟ್ರೇಲಿಯದ ಜೋರ್ಡನ್ ಮೈಲಾಟ ಮಾತ್ರ, ಅಲ್ಲಿಯವರೆಗೆ ಒಂದು ಸಲವೂ ಆಡದಿದ್ದ ಆಟಕ್ಕೆ ೨೦೧೮ರಲ್ಲಿ ಆಯ್ಕೆಯಾಗಿ, ೨೦೨೫ರಲ್ಲಿ ಸೂಪರ್ ಬೌಲ್ ಗೆದ್ದ ಫಿಲಡೆಲ್ಫಿಯ ತಂಡದಲ್ಲಿದ್ದ. ಎರಡು ಮೀಟರು ಎತ್ತರದ ಆ ಭಾರಿ ದೇಹಕ್ಕೆ ದೂರದ ಓಟಕ್ಕಿಂತ ಗೆರೆಯ ಕಾವಲೇ ಹೆಚ್ಚು ಹೊಂದಿತು.

ಇನ್ನು ಪೆಟ್ಟಿನ ವಿಚಾರ. ಕವಚ ತೊಟ್ಟವನಿಗೆ ಅಪಾಯ ಕಡಮೆ ಎಂದು ತಮಗೆ ತೋರಬಹುದು. ಚರಿತ್ರೆ ಬೇರೆಯೇ ಕಥೆಯನ್ನು ಹೇಳುತ್ತದೆ. ೧೯೦೫ರ ಋತುವಿನಲ್ಲಿ ಅಮೆರಿಕದಲ್ಲಿ ಈ ಆಟದಿಂದ ೧೮ ಮಂದಿ ಸತ್ತರೆಂದು ಆಗಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಆ ವರ್ಷ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ೧೯೦೬ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು, ಗುಂಪುಗುಂಪಾಗಿ ಒಬ್ಬನ ಮೇಲೆ ಬೀಳುವುದು ತಗ್ಗಿತು. ೧೯೪೩ರಲ್ಲಿ ವೃತ್ತಿ ಲೀಗಿನಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ ಬಂದಿತು. ಆಗ ಏನಾಯಿತು? ತಲೆಯನ್ನು ಕಾಯಬೇಕಾದ ಹೆಲ್ಮೆಟ್ಟೇ ಟಗರಿನ ಕೊಂಬಾಯಿತು. ತಲೆಬುರುಡೆ ಒಡೆಯುವುದು ಕಡಮೆಯಾದರೂ ತಲೆ ಮುಂದೊಡ್ಡಿ ಹಾಯುವುದು ಹೆಚ್ಚಿ ಕತ್ತು ಮುರಿಯತೊಡಗಿತು. ೧೯೬೮ ಒಂದೇ ವರ್ಷದಲ್ಲಿ ಆಟದ ಪೆಟ್ಟಿನಿಂದಲೇ ೩೬ ಮಂದಿ ಸತ್ತರು; ಅವರಲ್ಲಿ ಬಹುಪಾಲು ಹೈಸ್ಕೂಲಿನ ಹುಡುಗರು. ಹೆಲ್ಮೆಟ್ಟಿಗೆ ಗುಣಮಟ್ಟ ಗೊತ್ತುಮಾಡಿ, ೧೯೭೬ರಲ್ಲಿ ತಲೆ ಮುಂದಿಟ್ಟು ಗುದ್ದುವುದನ್ನು ನಿಷೇಧಿಸಿದ ಮೇಲೆ ಸಾವುಗಳು ಇಳಿದವು. ೧೯೯೦ರಲ್ಲಿ ಇಂಥ ಒಂದು ಸಾವೂ ಆಗಲಿಲ್ಲ. ಉಳಿಸಿದ್ದು ಹೆಲ್ಮೆಟ್ ಒಂದೇ ಅಲ್ಲ, ಅದರ ಜೊತೆಗೆ ಬಂದ ನಿಯಮ ಎಂಬುದನ್ನು ಗಮನಿಸಬೇಕು.

ಕವಚವಿಲ್ಲದ ರಗ್ಬಿ ಆಟಗಾರ ತನ್ನ ತಲೆಯನ್ನು ತಾನೇ ಕಾಯಬೇಕು. ಅವನು ಎದುರಾಳಿಯನ್ನು ತೋಳಿನಿಂದ ತಬ್ಬಿಯೇ ಕೆಡವಬೇಕು. ಚೆಂಡಿಲ್ಲದವನ ಮೈ ಮುಟ್ಟುವಂತಿಲ್ಲ. ಇದರಿಂದ ಒಂದೊಂದು ಡಿಕ್ಕಿಯ ರಭಸ ಕಡಮೆಯಾಗಬಹುದು, ಆದರೆ ಡಿಕ್ಕಿಗಳ ಸಂಖ್ಯೆ ಬಹಳ. ಸ್ಕ್ರಮ್ಮಿನಲ್ಲಿ ಎಂಟೆಂಟು ಮಂದಿ, ಎಂದರೆ ಒಂದೊಂದು ಕಡೆ ಸುಮಾರು ೯೦೦ ಕಿಲೋಗ್ರಾಂ ತೂಕ, ಮುಂದಿನ ಸಾಲಿನವರ ಕತ್ತಿನ ಮೂಲಕ ಒತ್ತುತ್ತದೆ. ಇದಕ್ಕಾಗಿಯೇ ೨೦೧೩ರಲ್ಲಿ, ಮೊದಲು ಒಬ್ಬರನ್ನೊಬ್ಬರು ಹಿಡಿದುಕೊಂಡು ಆಮೇಲೆ ಒತ್ತಬೇಕೆಂಬ ನಿಯಮ ಬಂದಿತು.

ಕೊನೆಗೆ ಎರಡು ಆಟಗಳೂ ಒಂದೇ ಬಾಗಿಲಿಗೆ ಬಂದು ನಿಂತಿವೆ. ಅದು ಮಿದುಳಿನ ಬಾಗಿಲು. ಹೆಲ್ಮೆಟ್ ಬುರುಡೆಯನ್ನು ಕಾಯಬಲ್ಲದು. ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯಲಾರದು. ಪಿಟ್ಸ್‌ಬರ್ಗ್ ತಂಡದ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ ೨೦೦೨ರಲ್ಲಿ ತೀರಿಕೊಂಡಾಗ ಡಾಕ್ಟರ್ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟಿನ ಕ್ಷಯವನ್ನು ಕಂಡರು. ೨೦೧೭ರಲ್ಲಿ ಬಾಸ್ಟನ್ನಿನ ಸಂಶೋಧಕರು ವೃತ್ತಿ ಲೀಗಿನಲ್ಲಿ ಆಡಿದ್ದ ೧೧೧ ಮಂದಿಯ ಮಿದುಳುಗಳನ್ನು ನೋಡಿದಾಗ ೧೧೦ರಲ್ಲಿ ಇದೇ ರೋಗವಿತ್ತು. ಸಂಶಯವಿದ್ದ ಮನೆಯವರೇ ಹೆಚ್ಚಾಗಿ ಮಿದುಳುಗಳನ್ನು ದಾನ ಮಾಡಿದ್ದರಿಂದ ಈ ಲೆಕ್ಕವನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು, ಆದರೂ ಕಡೆಗಣಿಸುವಂಥದಲ್ಲ. ರಗ್ಬಿಗೂ ಇದರಿಂದ ಬಿಡುಗಡೆಯಿಲ್ಲ. ೨೦೦೩ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಮ್ಸನ್, ನಲವತ್ತೆರಡರ ಪ್ರಾಯದಲ್ಲಿಯೇ ಮರೆವಿನ ರೋಗಕ್ಕೆ ಸಿಕ್ಕಿ, ಆ ಗೆಲುವು ತನಗೆ ನೆನಪೇ ಇಲ್ಲವೆಂದು ೨೦೨೦ರಲ್ಲಿ ಹೇಳಿಕೊಂಡ. ಕಪ್ಪು ಕೈಗೆ ಬಂದಿತು, ನೆನಪು ಕೈಬಿಟ್ಟಿತು.

ಹಾಗಾದರೆ ಯಾವ ಆಟ ಹೆಚ್ಚು ಕಠಿಣ? ಉಸಿರಿನ ಲೆಕ್ಕದಲ್ಲಿ ರಗ್ಬಿ. ಒಂದೊಂದು ಡಿಕ್ಕಿಯ ಲೆಕ್ಕದಲ್ಲಿ ಅಮೆರಿಕನ್ ಫುಟ್‌ಬಾಲ್. ತಲೆಯ ಲೆಕ್ಕದಲ್ಲಿ ಎರಡೂ. ಯಾರ ಧೈರ್ಯ ದೊಡ್ಡದು ಎಂಬ ವಾದಕ್ಕಿಂತ, ಪೆಟ್ಟು ತಿಂದವನನ್ನು ಹೊರಗೆ ಕರೆಯುವ ಧೈರ್ಯ ಯಾರಿಗಿದೆ ಎಂಬ ಪ್ರಶ್ನೆ ದೊಡ್ಡದು. ಇದು ಆ ಎರಡು ಆಟಗಳಿಗೆ ಮಾತ್ರ ಸೇರಿದ ಮಾತಲ್ಲ. ತಮ್ಮ ಮನೆಯ ಹುಡುಗನೋ ಹುಡುಗಿಯೋ ಯಾವ ಆಟದಲ್ಲಿಯೇ ಆಗಲಿ ತಲೆಗೆ ಪೆಟ್ಟು ತಿಂದು, ತಲೆ ತಿರುಗಿ, ವಾಂತಿ ಬಂದು, ಮಾತು ತಡವರಿಸಿದರೆ ಒಡನೆ ಡಾಕ್ಟರಿಗೆ ತೋರಿಸಿ. ಆ ದಿನ ಮತ್ತೆ ಮೈದಾನಕ್ಕೆ ಬಿಡಬೇಡಿ. ಆಟ ನಾಳೆಯೂ ಇರುತ್ತದೆ. ಮಗುವಿಗೆ ಇರುವುದು ಒಂದೇ ತಲೆ.